ಗಂಟಿನ ಬೇನೆ, ಗುಂಡಿಗೆಯ ಲೆಕ್ಕ

ಇಂದಿನ ಮಾತು ರುಮಟಾಯ್ಡ್ ಸಂಧಿವಾತವನ್ನು ಕುರಿತದ್ದು. ಹೆಸರು ಕೇಳಿದ ಕೂಡಲೇ ನಿಮ್ಮ ಗಮನ ಬೆರಳಿನ ಗೆಣ್ಣಿಗೆ, ಮಣಿಕಟ್ಟಿಗೆ, ಮಂಡಿಗೆ ಹೋಗುತ್ತದೆ. ನೋಯುವುದು ಅಲ್ಲಿಯೇ ತಾನೆ! ಆದರೆ ಈ ಕಾಯಿಲೆ ಇರುವವರು ಯಾವುದರಿಂದ ತೀರಿಕೊಳ್ಳುತ್ತಾರೆ ಎಂದು ಲೆಕ್ಕ ಇಟ್ಟಿರುವ ದೇಶಗಳಲ್ಲಿ ಪಟ್ಟಿಯ ಮೊದಲ ಸಾಲಿನಲ್ಲಿ ಕೀಲು ಇಲ್ಲ. ಅಲ್ಲಿರುವುದು ಹೃದಯ ಮತ್ತು ರಕ್ತನಾಳಗಳ ಕಾಯಿಲೆ. ಗಂಟಿನ ಬೇನೆಗೂ ಗುಂಡಿಗೆಗೂ ಎಲ್ಲಿಯ ನಂಟು ಎಂದು ನೀವು ಕೇಳಬಹುದು. ನನ್ನ ವಾದ ಇಷ್ಟು. ಇವು ಒಬ್ಬರಿಗೇ ಆಕಸ್ಮಿಕವಾಗಿ ಬಂದ ಎರಡು ಕಾಯಿಲೆಗಳಲ್ಲ. ಒಂದೇ ಕಾಯಿಲೆ ಎರಡು ಕಡೆ ಕೆಲಸ ಮಾಡುತ್ತಿದೆ. ಹಾಗಾಗಿ ಬರೀ ನೋವು ಅಡಗಿಸಿದರೆ ಚಿಕಿತ್ಸೆ ಆಯಿತು ಎನ್ನುವ ಹಾಗಿಲ್ಲ.

ಮೊದಲು ಯಾವ ಕಾಯಿಲೆಯ ಮಾತು ಇದು ಎಂಬುದನ್ನು ಗೊತ್ತುಮಾಡಿಕೊಳ್ಳೋಣ. ವಯಸ್ಸಾದಂತೆ ಮಂಡಿಯ ಮೃದ್ವಸ್ಥಿ ಸವೆದು ಬರುವ ನೋವು ಇದಲ್ಲ. ಅದು ನಮ್ಮ ಮನೆಮನೆಯಲ್ಲೂ ಇದೆ. ಚಿಕ್ಕ ಮಕ್ಕಳಿಗೆ ಗಂಟಲುಬೇನೆಯ ಬೆನ್ನಿಗೆ ಬಂದು ಹೃದಯದ ಕವಾಟಗಳನ್ನು ಕೆಡಿಸುವ ರುಮ್ಯಾಟಿಕ್ ಜ್ವರವೂ ಇದಲ್ಲ. ಹೆಸರು ಹತ್ತಿರ, ಕಾಯಿಲೆ ಬೇರೆ. ರುಮಟಾಯ್ಡ್ ಸಂಧಿವಾತದಲ್ಲಿ ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಒಳಪೊರೆಯ ಮೇಲೆ ತಿರುಗಿ ಬೀಳುತ್ತದೆ. ಪೊರೆ ಊದುತ್ತದೆ, ಬಿಸಿಯಾಗುತ್ತದೆ. ಬೆಳಿಗ್ಗೆ ಎದ್ದಾಗ ಕೈ ಮುಷ್ಟಿ ಕಟ್ಟಲು ಬಾರದು. ಆ ಬಿಗಿತ ಸಡಿಲವಾಗಲು ಒಂದು ಗಂಟೆಯಾದರೂ ಬೇಕು. ಎಡಗೈಗೆ ಬಂದದ್ದು ಬಲಗೈಗೂ ಬರುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಪುಣೆ ಜಿಲ್ಲೆಯ ಭಿಗವಣ ಎಂಬ ಊರಿನಲ್ಲಿ 1996ರಲ್ಲಿ ಮನೆಮನೆಗೆ ಹೋಗಿ ನಡೆಸಿದ ಸಮೀಕ್ಷೆಯಲ್ಲಿ ಸುಮಾರು ಇನ್ನೂರು ವಯಸ್ಕರಲ್ಲಿ ಒಬ್ಬರಿಗೆ ಈ ಕಾಯಿಲೆ ಕಂಡಿತು. ಅದೇ ಪ್ರಮಾಣವನ್ನು ಕರ್ನಾಟಕಕ್ಕೆ ಹಿಡಿದರೆ ಎರಡು ಲಕ್ಷಕ್ಕೂ ಹೆಚ್ಚು ಜನ. ಸಣ್ಣ ಸಂಖ್ಯೆಯೇನಲ್ಲ.

ಕಾಯಿಲೆ ಯಾವುದೆಂದು ಗೊತ್ತಾಯಿತು. ಈಗ ಹೃದಯದ ನಂಟಿಗೆ ಸಾಕ್ಷಿ ಏನು ಎಂದು ನೋಡೋಣ. ಈ ವಿಷಯದಲ್ಲಿ ನಮಗೆ ಹೆಚ್ಚು ನೆರವಾಗಿರುವುದು ಅಮೆರಿಕದ ಮಿನ್ನೆಸೋಟ ರಾಜ್ಯದ ಒಂದು ಸೀಮೆ. ರಾಚೆಸ್ಟರ್ ಪಟ್ಟಣ, ಅದರ ಸುತ್ತಲಿನ ಆಮ್‌ಸ್ಟೆಡ್ ಕೌಂಟಿ. ಮೇಯೊ ಕ್ಲಿನಿಕ್ ಎಂಬ ಆಸ್ಪತ್ರೆ ಇರುವುದು ಅಲ್ಲಿ. ಆ ಸೀಮೆಯ ಜನ ಯಾವ ವೈದ್ಯರ ಬಳಿ ಹೋದರೂ ಅವರ ದಾಖಲೆ ಒಂದೆಡೆ ಸೇರುವ ವ್ಯವಸ್ಥೆ ದಶಕಗಳಿಂದ ನಡೆದುಬಂದಿದೆ. 1955ರಿಂದ 1995ರವರೆಗೆ ಈ ಸಂಧಿವಾತ ಬಂದ ಸುಮಾರು 600 ಜನರನ್ನು ಅಲ್ಲಿ ಲೆಕ್ಕಕ್ಕೆ ತೆಗೆದುಕೊಂಡರು. ಅದೇ ವಯಸ್ಸಿನ, ಕಾಯಿಲೆ ಇಲ್ಲದ ಅಷ್ಟೇ ಜನರನ್ನು ಪಕ್ಕಕ್ಕಿಟ್ಟು ಹೋಲಿಸಿದರು. 2005ರಲ್ಲಿ ಫಲಿತಾಂಶ ಹೊರಬಂತು. ಸಂಧಿವಾತ ಇದ್ದವರಲ್ಲಿ ಯಾರಿಗೂ ಗೊತ್ತಾಗದೆ ಸಂಭವಿಸಿದ ಹೃದಯಾಘಾತಗಳು ಹೆಚ್ಚು. ಹಠಾತ್ ಸಾವು ಸುಮಾರು ಎರಡು ಪಟ್ಟು. ಆದರೆ ಎದೆನೋವು ಎಂದು ವೈದ್ಯರ ಬಳಿ ಹೇಳಿಕೊಂಡವರು ಮಾತ್ರ ಕಡಿಮೆ! ಹೃದಯಕ್ಕೆ ಪೆಟ್ಟು ಹೆಚ್ಚು, ದೂರು ಕಡಿಮೆ. ಈ ಒಂದು ಸಂಗತಿಯನ್ನು ದಯವಿಟ್ಟು ನೆನಪಿಡಿ, ಮುಂದೆ ಬೇಕಾಗುತ್ತದೆ. ಬೇರೆ ದೇಶಗಳ ಲೆಕ್ಕವೂ ಇದೇ ದಿಕ್ಕಿನಲ್ಲಿದೆ. ಡೆನ್ಮಾರ್ಕಿನಲ್ಲಿ ಇಡೀ ದೇಶದ ವಯಸ್ಕರ ದಾಖಲೆಗಳನ್ನು ಹತ್ತು ವರ್ಷ ಹಿಂಬಾಲಿಸಿದರು. ಸಂಧಿವಾತದವರ ಹೃದಯಾಘಾತದ ಅಪಾಯ ಸಕ್ಕರೆ ಕಾಯಿಲೆಯವರ ಅಪಾಯಕ್ಕೆ ಹೆಚ್ಚುಕಡಿಮೆ ಸಮ ಎಂದು 2011ರಲ್ಲಿ ವರದಿ ಮಾಡಿದರು. ಸಕ್ಕರೆ ಕಾಯಿಲೆ ಇದ್ದರೆ ಹೃದಯ ನೋಡಿಸಿಕೊಳ್ಳಿ ಎಂದು ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಗೆಣ್ಣು ಊದಿದವರಿಗೆ ಆ ಮಾತನ್ನು ಹೇಳುವವರು ಎಷ್ಟು ಜನ?

ಅಪಾಯ ಹೆಚ್ಚು ಎಂಬುದಕ್ಕೆ ಸಾಕ್ಷಿ ಸಿಕ್ಕಿತು. ಇನ್ನು ಹೇಗೆ ಎಂಬ ಪ್ರಶ್ನೆ. ಊದಿದ ಕೀಲಿನ ಪೊರೆಯಲ್ಲಿ ಹುಟ್ಟುವ ಕೆಲವು ರಾಸಾಯನಿಕಗಳಿವೆ. ಟಿ.ಎನ್.ಎಫ್. ಒಂದು, ಇಂಟರ್‌ಲ್ಯೂಕಿನ್-6 ಇನ್ನೊಂದು. ಇವು ಕೀಲಿನಲ್ಲೇ ಉಳಿಯುವುದಿಲ್ಲ, ರಕ್ತಕ್ಕೆ ಸೇರುತ್ತವೆ. ರಕ್ತ ಹೋದಲ್ಲೆಲ್ಲ ಹೋಗುತ್ತವೆ. ರಕ್ತನಾಳದ ಒಳಮೈ ಆರೋಗ್ಯವಾಗಿದ್ದಾಗ ನುಣುಪಾಗಿರುತ್ತದೆ, ಬೇಕಾದಾಗ ಹಿಗ್ಗುತ್ತದೆ. ಈ ರಾಸಾಯನಿಕಗಳು ವರ್ಷಗಟ್ಟಲೆ ತಾಗಿದರೆ ಆ ಒಳಮೈ ಕೆರಳುತ್ತದೆ. ಬಿಳಿ ರಕ್ತಕಣಗಳು ಅಲ್ಲಿ ಅಂಟಿಕೊಂಡು ಒಳನುಗ್ಗುತ್ತವೆ, ಕೊಬ್ಬು ಕೂರುತ್ತದೆ, ರಕ್ತ ಸುಲಭವಾಗಿ ಹೆಪ್ಪುಗಟ್ಟುತ್ತದೆ. ಮೇಯೊ ಕ್ಲಿನಿಕ್ಕಿನವರೇ ಮಾಡಿದ ಒಂದು ಮರಣೋತ್ತರ ಅಧ್ಯಯನ ಇಲ್ಲಿ ಬಹಳ ಬೆಲೆಯುಳ್ಳದ್ದು. ಸಂಧಿವಾತವಿದ್ದು ತೀರಿಕೊಂಡ ನಲವತ್ತು ಚಿಲ್ಲರೆ ಜನರ ಹೃದಯದ ನಾಳಗಳನ್ನು, ಕಾಯಿಲೆ ಇಲ್ಲದವರ ನಾಳಗಳ ಜೊತೆ ಇಟ್ಟು ನೋಡಿದರು. ಸಂಧಿವಾತದವರ ನಾಳಗಳು ಹೆಚ್ಚು ಕಟ್ಟಿಕೊಂಡಿರಬೇಕು ಎಂದು ನಾವು ನೀವು ಊಹಿಸುತ್ತೇವೆ. ಹಾಗಿರಲಿಲ್ಲ. ಅಡಚಣೆ ಕಡಿಮೆಯೇ ಇತ್ತು. ಆದರೆ ಇದ್ದ ಕೊಬ್ಬಿನ ಗಡ್ಡೆಗಳಲ್ಲಿ ಉರಿಯೂತ ಹೆಚ್ಚಾಗಿತ್ತು, ಅವು ಒಡೆಯುವ ಸ್ಥಿತಿಯಲ್ಲಿದ್ದವು. ಚಿಕ್ಕದಾದರೂ ಕೀವು ತುಂಬಿ ಮೇಲ್ಚರ್ಮ ತೆಳುವಾದ ಕುರು ಹೇಗೋ ಹಾಗೆ. ಹೃದಯಾಘಾತ ಆಗುವುದು ಬಹುತೇಕ ಇಂಥ ಗಡ್ಡೆ ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿದಾಗ. ನಾಳ ನಿಧಾನವಾಗಿ ಕಿರಿದಾದರೆ ಮೆಟ್ಟಿಲು ಹತ್ತುವಾಗ ಎದೆ ಹಿಡಿದು ಮೊದಲೇ ಎಚ್ಚರಿಕೆ ಸಿಗುತ್ತದೆ. ಒಮ್ಮೆಗೇ ಒಡೆದರೆ ಆ ಎಚ್ಚರಿಕೆಗೆ ಎಡೆಯೆಲ್ಲಿ?

ಹೃದಯಕ್ಕೆ ಆಗುವ ತೊಂದರೆ ಇದೊಂದೇ ಅಲ್ಲ. ಹೃದಯದ ಹೊರಚೀಲದಲ್ಲಿ ನೀರು ಸೇರಬಹುದು. ಎಕೋ ಪರೀಕ್ಷೆಯಲ್ಲಿ ಇದು ಸಾಕಷ್ಟು ಜನರಲ್ಲಿ ಕಾಣುತ್ತದೆ. ಆದರೆ ತೊಂದರೆ ಕೊಡುವುದು ಕೆಲವರಿಗೆ ಮಾತ್ರ. ಹೃದಯದ ಸ್ನಾಯು ಬಿಗಿಯಾಗಿ, ಪಂಪು ಸೋಲುವ ಸಂಭವ ಇತರರಿಗಿಂತ ಸುಮಾರು ಎರಡು ಪಟ್ಟು. ಮಿಡಿತದ ಲಯ ತಪ್ಪುವುದೂ ಉಂಟು. ಇವನ್ನು ಹೆಸರಿಸಿ ಮುಂದೆ ಹೋಗುತ್ತೇನೆ. ಹೆಚ್ಚು ಜೀವ ತೆಗೆಯುವುದು ನಾಳಗಳ ಕಾಯಿಲೆಯೇ.

ಇಷ್ಟು ಹೇಳಿದ ಮೇಲೆ ಆಕ್ಷೇಪಗಳು ಬರುತ್ತವೆ. ಬರಲೇಬೇಕು. ಮೊದಲನೆಯದು ಇದು. ಗಂಟು ನೋವಿನವರು ನಡೆಯುವುದಿಲ್ಲ, ಕುಳಿತಲ್ಲೇ ಕುಳಿತಿರುತ್ತಾರೆ. ಬಿ.ಪಿ., ಸಕ್ಕರೆ ಬಂದಿರುತ್ತವೆ. ಬೀಡಿ ಸಿಗರೇಟಿನ ಚಟವೂ ಇರಬಹುದು. ಹೃದಯ ಕೆಡುವುದು ಅದರಿಂದ, ಸಂಧಿವಾತದ ಮೇಲೆ ಏಕೆ ಹೊರಿಸುತ್ತೀರಿ? ಈ ಆಕ್ಷೇಪದಲ್ಲಿ ಸತ್ಯಾಂಶ ಇದೆ. ಧೂಮಪಾನವಂತೂ ಎರಡು ಕಡೆಯೂ ಕೆಡಿಸುತ್ತದೆ. ಅದು ಹೃದಯವನ್ನು ಹಾಳುಮಾಡುವುದು ಹಳೆಯ ಸುದ್ದಿ. ಈ ಸಂಧಿವಾತ ಬರುವ ಸಂಭವವನ್ನೂ ಅದು ಹೆಚ್ಚಿಸುತ್ತದೆ. ಆದರೆ ಸಂಶೋಧಕರು ವಯಸ್ಸು, ಬಿ.ಪಿ., ಸಕ್ಕರೆ, ಧೂಮಪಾನ, ಕೊಲೆಸ್ಟರಾಲ್ ಇವೆಲ್ಲವನ್ನೂ ಲೆಕ್ಕದಿಂದ ಕಳೆದು ನೋಡಿದ್ದಾರೆ. ಕಳೆದ ಮೇಲೂ ಅಪಾಯದ ಒಂದು ಪಾಲು ಉಳಿಯುತ್ತದೆ. ಅಷ್ಟೇ ಅಲ್ಲ, ಯಾರ ರಕ್ತದಲ್ಲಿ ಉರಿಯೂತದ ಗುರುತುಗಳಾದ ಇ.ಎಸ್.ಆರ್., ಸಿ.ಆರ್.ಪಿ. ಹೆಚ್ಚಿವೆಯೋ ಅವರಿಗೇ ಹೃದಯದ ಅಪಾಯವೂ ಹೆಚ್ಚು. ಕುಳಿತಿರುವುದೊಂದೇ ಕಾರಣವಾಗಿದ್ದರೆ ಇಂಥ ಏರಿಳಿತಕ್ಕೆ ಅರ್ಥ ಹೇಳುವುದು ಕಷ್ಟ.

ಎರಡನೆಯ ಆಕ್ಷೇಪ ನಮ್ಮ ಊರುಗಳಲ್ಲಿ ಇನ್ನೂ ಜೋರು. ಇಂಗ್ಲಿಷ್ ಔಷಧಿ ತಿಂದೂ ತಿಂದೂ ಹೃದಯ ಹೋಯಿತು ಎನ್ನುತ್ತಾರೆ. ಇದಕ್ಕೆ ಹೌದು ಎಂದೂ ಅಲ್ಲ ಎಂದೂ ಹೇಳಬೇಕು. ಯಾವ ಔಷಧಿ ಎಂಬುದರ ಮೇಲಿದೆ ಉತ್ತರ. ನೋವಿನ ಮಾತ್ರೆಯ ಮಟ್ಟಿಗೆ ಹೌದು. ಇದಕ್ಕೆ ಕುಖ್ಯಾತ ಉದಾಹರಣೆ ರೋಫೆಕಾಕ್ಸಿಬ್, ವಯಾಕ್ಸ್ ಎಂಬ ಹೆಸರಿನಲ್ಲಿ ಮಾರಾಟವಾದ ಮಾತ್ರೆ. ಹೊಟ್ಟೆ ಕೆಡಿಸದ ನೋವಿನ ಮಾತ್ರೆ ಎಂದು ಅದಕ್ಕೆ ಭಾರಿ ಪ್ರಚಾರ ಸಿಕ್ಕಿತ್ತು. 2000ದಲ್ಲಿ ಅದನ್ನು ಇನ್ನೊಂದು ಹಳೆಯ ಮಾತ್ರೆಯಾದ ನಪ್ರಾಕ್ಸೆನ್ ಜೊತೆ ಹೋಲಿಸಿದ ಫಲಿತಾಂಶ ಬಂತು. ಭಾಗವಹಿಸಿದ 8,000 ಜನರೂ ರುಮಟಾಯ್ಡ್ ಸಂಧಿವಾತದವರು. ಹೊಸ ಮಾತ್ರೆ ತೆಗೆದುಕೊಂಡವರಲ್ಲಿ ಹೃದಯಾಘಾತ ನಾಲ್ಕೈದು ಪಟ್ಟು. ಹಳೆಯ ಮಾತ್ರೆ ಹೃದಯವನ್ನು ಕಾಪಾಡುವುದರಿಂದ ಹಾಗೆ ಕಾಣುತ್ತದೆ ಎಂದು ಕಂಪನಿ ವಾದಿಸಿತು. 2004ರಲ್ಲಿ, ಔಷಧಿಯೇ ಇಲ್ಲದ ಮಾತ್ರೆಯೊಂದಿಗೆ ಹೋಲಿಸಿದಾಗಲೂ ಅಪಾಯ ಕಂಡಿತು. ಆ ವರ್ಷ ಸೆಪ್ಟೆಂಬರಿನಲ್ಲಿ ಅದು ಮಾರುಕಟ್ಟೆಯಿಂದಲೇ ಹೊರಟಿತು. ಇಂದು ನಮ್ಮ ಔಷಧಿ ಅಂಗಡಿಗಳಲ್ಲಿ ಕೇಳಿದ ಕೂಡಲೇ ಸಿಗುವುದು ಡೈಕ್ಲೋಫೆನಾಕ್. ಹೃದಯದ ಕಾಯಿಲೆ ಇರುವವರು ಅದನ್ನು ಬಳಸಕೂಡದು ಎಂದು ಯುರೋಪಿನ ಔಷಧ ನಿಯಂತ್ರಕರು 2013ರಲ್ಲೇ ಎಚ್ಚರಿಸಿದ್ದಾರೆ.

ಸ್ಟೀರಾಯ್ಡಿನ ಕಥೆ ಇನ್ನೂ ಸ್ವಾರಸ್ಯದ್ದು. 1948ರಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು ಇದೇ ಮೇಯೊ ಕ್ಲಿನಿಕ್ಕಿನಲ್ಲಿ, ಸಂಧಿವಾತದಿಂದ ಕೈಕಾಲು ಆಡಿಸಲಾಗದ ಒಬ್ಬ ಹೆಂಗಸಿಗೆ ಕಾರ್ಟಿಸೋನ್ ಕೊಟ್ಟರು. ಕೆಲವೇ ದಿನಗಳಲ್ಲಿ ಆಕೆ ನಡೆದಾಡಿದರು. 1950ರಲ್ಲಿ ಹೆಂಚ್ ಅವರಿಗೆ ಇನ್ನಿಬ್ಬರ ಜೊತೆ ನೊಬೆಲ್ ಬಂತು. ಪವಾಡದ ಬೆಲೆ ಆಮೇಲೆ ಗೊತ್ತಾಯಿತು. ಹೆಚ್ಚು ಪ್ರಮಾಣದಲ್ಲಿ, ಹೆಚ್ಚು ಕಾಲ ತೆಗೆದುಕೊಂಡರೆ ಬಿ.ಪಿ. ಏರುತ್ತದೆ, ಸಕ್ಕರೆ ಏರುತ್ತದೆ, ಮೂಳೆ ತೆಳುವಾಗುತ್ತದೆ. ಉರಿಯೂತ ತಗ್ಗಿಸಿ ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುತ್ತದೆ. ವೈದ್ಯರು ಕಡಿಮೆ ಪ್ರಮಾಣದಲ್ಲಿ, ಕೆಲವು ವಾರಗಳ ಮಟ್ಟಿಗೆ ಕೊಟ್ಟರೆ ಅದು ಬೇರೆ ಮಾತು. ಆದರೆ ಹೆಸರಿಲ್ಲದ ಪೊಟ್ಟಣದಲ್ಲಿ, ನಾಟಿ ಔಷಧ ಎಂದು ಕೊಡುವ ಪುಡಿಯಲ್ಲಿ ಸ್ಟೀರಾಯ್ಡ್ ಬೆರೆತಿರುವುದು ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಸಿಕ್ಕಿದೆ. ಎರಡೇ ದಿನದಲ್ಲಿ ನೋವು ಮಾಯವಾಯಿತು ಎಂದರೆ ಸಂತೋಷಪಡುವ ಮೊದಲು ಅನುಮಾನಪಡಿ.

ಹಾಗಾದರೆ ಎಲ್ಲ ಔಷಧಿಯೂ ವಿಷವೇ? ಅಲ್ಲ. ಇಲ್ಲಿಯವರೆಗೆ ಹೇಳಿದ್ದು ನೋವಿನ ಮಾತ್ರೆ ಮತ್ತು ಸ್ಟೀರಾಯ್ಡ್ ಬಗ್ಗೆ. ಕಾಯಿಲೆಯ ಬೇರಿಗೇ ಕೈಹಾಕುವ ಔಷಧಿಗಳು ಬೇರೆ ಇವೆ. ಅವುಗಳಲ್ಲಿ ಮೊದಲನೆಯದು ಮೆಥೊಟ್ರೆಕ್ಸೇಟ್. ಹಳೆಯದು, ಅಗ್ಗದ್ದು. ಅಮೆರಿಕದ ಕಾನ್ಸಸ್ ರಾಜ್ಯದ ವಿಚಿಟಾ ನಗರದಲ್ಲಿ ಸುಮಾರು 1,200 ರೋಗಿಗಳನ್ನು ಹಲವು ವರ್ಷ ಗಮನಿಸಿದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಮೆಥೊಟ್ರೆಕ್ಸೇಟ್ ತೆಗೆದುಕೊಂಡವರಲ್ಲಿ ಹೃದಯ ಸಂಬಂಧಿ ಸಾವು ಸುಮಾರು ಶೇ. 70 ಕಡಿಮೆ ಎಂದು ಅದು ಹೇಳಿತು. ಈ ಅಂಕಿಯನ್ನು ಹಾಗೆಯೇ ನುಂಗಬೇಡಿ. ಚೀಟಿ ಎತ್ತಿ ಹಂಚಿದ ಪ್ರಯೋಗ ಅದಲ್ಲ, ನಡೆದದ್ದನ್ನು ನೋಡಿ ಬರೆದದ್ದು. ಆದರೂ ದಿಕ್ಕು ಸ್ಪಷ್ಟ. ಔಷಧಿಯೇ ಹೃದಯ ಕೊಲ್ಲುವುದಾಗಿದ್ದರೆ ಲೆಕ್ಕ ತಿರುಗುಮುರುಗಾಗಬೇಕಿತ್ತು. ಇನ್ನೊಂದು ಸಾಕ್ಷಿ ಆಮ್‌ಸ್ಟೆಡ್ ಲೆಕ್ಕದಲ್ಲೇ ಇದೆ. ಸಂಧಿವಾತ ಎಂದು ಪತ್ತೆಯಾಗುವ ಹಿಂದಿನ ಎರಡು ವರ್ಷಗಳಲ್ಲೇ, ಅಂದರೆ ಔಷಧಿ ಶುರುವಾಗುವ ಮೊದಲೇ, ಹೃದಯಾಘಾತದಿಂದ ಆಸ್ಪತ್ರೆ ಸೇರಿದ್ದವರ ಪ್ರಮಾಣ ಮೂರು ಪಟ್ಟು ಇತ್ತು. ಸ್ವೀಡನ್ನಿನವರಿಗೆ ಹೀಗೆ ಮೊದಲೇ ಏರಿದ ಅಪಾಯ ಕಾಣಲಿಲ್ಲ, ಅದನ್ನೂ ಹೇಳಬೇಕು. ಆದರೆ ಕಾಯಿಲೆ ಪತ್ತೆಯಾದ ಒಂದೆರಡು ವರ್ಷದಲ್ಲೇ ಅಪಾಯ ಏರುವುದು ಅವರಿಗೂ ಕಂಡಿತು.

ಮೂರನೆಯ ಆಕ್ಷೇಪ ಓದಿಕೊಂಡವರದು. ಉರಿಯೂತವೇ ಕಾರಣವಾದರೆ, ಸಂಧಿವಾತ ಇಲ್ಲದ ಹೃದ್ರೋಗಿಗಳಿಗೂ ಉರಿಯೂತ ತಗ್ಗಿಸಿ ಪ್ರಯೋಜನ ಸಿಗಬೇಕಲ್ಲವೆ? ಒಳ್ಳೆಯ ಪ್ರಶ್ನೆ. ಅದನ್ನು ಪರೀಕ್ಷಿಸಿದ್ದಾರೆ. ಒಮ್ಮೆ ಹೃದಯಾಘಾತವಾಗಿ ಸಿ.ಆರ್.ಪಿ. ಹೆಚ್ಚಿದ್ದ 10,000 ಜನರ ಮೇಲೆ ಕನಕಿನುಮಾಬ್ ಎಂಬ ಚುಚ್ಚುಮದ್ದಿನ ಪ್ರಯೋಗ ನಡೆಯಿತು. ಅದು ಕೊಲೆಸ್ಟರಾಲನ್ನು ಮುಟ್ಟಲಿಲ್ಲ, ಉರಿಯೂತವನ್ನಷ್ಟೇ ತಗ್ಗಿಸಿತು. ಆದರೂ ಹೃದಯಾಘಾತದಂಥ ಘಟನೆಗಳು ಸುಮಾರು ಶೇ. 15 ಇಳಿದವು. 2017ರ ಸುದ್ದಿ ಇದು. ಮರುವರ್ಷವೇ ವಿರುದ್ಧ ಸುದ್ದಿ ಬಂತು. ಸುಮಾರು 4,800 ಹೃದ್ರೋಗಿಗಳ ಮೇಲೆ ಮೆಥೊಟ್ರೆಕ್ಸೇಟ್ ಪರೀಕ್ಷಿಸಿದ ಪ್ರಯೋಗದಲ್ಲಿ ಏನೂ ಲಾಭವಾಗಲಿಲ್ಲ. ನಿಮ್ಮ ವಾದ ಬಿದ್ದುಹೋಯಿತಲ್ಲ ಎನ್ನಬಹುದು. ನನಗೆ ಹಾಗನ್ನಿಸುವುದಿಲ್ಲ. ಆ ಪ್ರಯೋಗದವರು ಸಂಧಿವಾತದವರಲ್ಲ. ಅವರಲ್ಲಿ ಉರಿಯೂತ ಮೊದಲೇ ಕಡಿಮೆ ಇತ್ತು, ಔಷಧಿ ಅದನ್ನು ಇನ್ನಷ್ಟು ತಗ್ಗಿಸಲೂ ಇಲ್ಲ. ತಗ್ಗದ ಉರಿಯೂತದಿಂದ ಫಲ ಹೇಗೆ ಬಂದೀತು? ಉರಿಯೂತ ನಿಜವಾಗಿ ತಗ್ಗಿದ ಕಡೆ ಹೃದಯಕ್ಕೆ ಲಾಭವಾಯಿತು ಎಂಬುದನ್ನು ಈ ಎರಡು ಪ್ರಯೋಗಗಳು ಜೊತೆಯಾಗಿ ಹೇಳುತ್ತಿವೆ ಎಂದೇ ನಾನು ಓದುತ್ತೇನೆ.

ಔಷಧಿಯ ಮಾತು ಆಯಿತು. ಈಗ ಕೊಲೆಸ್ಟರಾಲ್. ಇಲ್ಲೊಂದು ವಿಚಿತ್ರವಿದೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಉರಿಯೂತ ಜೋರಾಗಿದ್ದಾಗ ರಕ್ತದ ಕೊಲೆಸ್ಟರಾಲ್ ಇಳಿಯುತ್ತದೆ. ಲ್ಯಾಬಿನ ಚೀಟಿ ನೋಡಿದರೆ ಎಲ್ಲವೂ ಚೆನ್ನಾಗಿದೆ ಅನ್ನಿಸುತ್ತದೆ. ಮೈ ತೂಕವೂ ಇಳಿದಿರುತ್ತದೆ. ಸಣ್ಣಗಿದ್ದೇನೆ, ಕೊಲೆಸ್ಟರಾಲ್ ಕಡಿಮೆ, ನನಗೇಕೆ ಹೃದಯದ ಚಿಂತೆ ಎಂದು ರೋಗಿ ಕೇಳುವುದು ನ್ಯಾಯವೇ. ಆದರೆ ಸಂಧಿವಾತದಲ್ಲಿ ಕೊಲೆಸ್ಟರಾಲ್ ಬಹಳ ಕಡಿಮೆ ಇದ್ದವರಿಗೂ ಹೃದಯದ ಅಪಾಯ ಹೆಚ್ಚಿರುವುದು ಕಂಡುಬಂದಿದೆ. ಆ ಕಡಿಮೆ ಅಂಕಿ ಆರೋಗ್ಯದ್ದಲ್ಲ, ಕಾಯಿಲೆಯ ಬಿರುಸಿನದು. ಚಿಕಿತ್ಸೆ ಹತ್ತಿದಾಗ ಇದರ ಇನ್ನೊಂದು ಮುಖ ಕಾಣುತ್ತದೆ. ಗಂಟಿನ ಬಾವು ಇಳಿಯುತ್ತದೆ, ಕೊಲೆಸ್ಟರಾಲ್ ಏರುತ್ತದೆ. ರೋಗಿ ಹೆದರಿ ಔಷಧಿಯನ್ನೇ ಬಿಟ್ಟುಬಿಡುತ್ತಾರೆ. ಬಿಡಬಾರದು. ಕೊಲೆಸ್ಟರಾಲಿಗೆ ಬೇರೆ ಮಾತ್ರೆ ಇದೆ, ಅದು ಬೇಕೋ ಬೇಡವೋ ವೈದ್ಯರು ತೀರ್ಮಾನಿಸುತ್ತಾರೆ. ಹಾಗಾಗಿ ಕೊಲೆಸ್ಟರಾಲ್ ಅಳೆಯಬೇಕಾದದ್ದು ಬಾವು ಹತೋಟಿಗೆ ಬಂದ ಮೇಲೆ.

ಇಷ್ಟೆಲ್ಲ ಕೇಳಿ ಗಾಬರಿಯಾಗಬೇಕೆ? ಲೆಕ್ಕ ಹಾಕಿ ನೋಡೋಣ. ಹೃದಯದ ಅಪಾಯ ಸಂಧಿವಾತದವರಲ್ಲಿ ಸುಮಾರು ಒಂದೂವರೆ ಪಟ್ಟು ಎಂದು ಯುರೋಪಿನ ಸಂಧಿವಾತ ತಜ್ಞರ ಸಂಘ ಇಟ್ಟುಕೊಂಡಿದೆ. ಸಂಧಿವಾತ ಇಲ್ಲದ ನೂರು ಜನರಲ್ಲಿ ಹತ್ತು ವರ್ಷಕ್ಕೆ ಆರು ಜನರಿಗೆ ಹೃದಯದ ತೊಂದರೆ ಬರುವುದಾದರೆ, ಇದ್ದ ನೂರು ಜನರಲ್ಲಿ ಒಂಬತ್ತು ಜನರಿಗೆ. ಉಳಿದ ತೊಂಬತ್ತೊಂದು ಜನರಿಗೆ ಇಲ್ಲ. ಮೂವತ್ತು ವರ್ಷದ ಹೆಣ್ಣುಮಗಳಿಗೆ ಈ ಅಪಾಯ ಬಹಳ ಸಣ್ಣದು. ಐವತ್ತು ದಾಟಿ, ಬಿ.ಪಿ. ಇದ್ದು, ಹತ್ತು ವರ್ಷದಿಂದ ಗಂಟು ಊದಿದವರಿಗೆ ಸಣ್ಣದಲ್ಲ. ನಮ್ಮ ದೇಶದವರಿಗೆ ಇನ್ನೊಂದು ಹೊರೆಯೂ ಇದೆ. ಐವತ್ತಕ್ಕೂ ಹೆಚ್ಚು ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ, ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಉಳಿದವರಿಗಿಂತ ಐದಾರು ವರ್ಷ ಮೊದಲೇ ಬರುವುದು ಕಂಡಿತು. ಆದರೆ ನಾವು ಹೃದಯದ ಅಪಾಯ ಅಳೆಯಲು ನೆಚ್ಚಿಕೊಳ್ಳುವ ವಿಶ್ವ ಆರೋಗ್ಯ ಸಂಸ್ಥೆಯ ಕೋಷ್ಟಕದಲ್ಲಿ ಸಂಧಿವಾತದ ಪ್ರಶ್ನೆಯೇ ಇಲ್ಲ. ಬ್ರಿಟನ್ನಿನ ಕೋಷ್ಟಕದಲ್ಲಿ 2008ರಿಂದಲೇ ಇದೆ. ನಮ್ಮಲ್ಲೂ ಇರಬೇಕು. ಕೇಳುವುದಕ್ಕೆ ಒಂದೇ ಒಂದು ಸಾಲು ಸಾಕು.

ಒಳ್ಳೆಯ ಸುದ್ದಿಯೂ ಇದೆ. ಅದೇ ಆಮ್‌ಸ್ಟೆಡ್ ಸೀಮೆಯಲ್ಲಿ, 2000ದ ನಂತರ ಸಂಧಿವಾತ ಪತ್ತೆಯಾದವರಲ್ಲಿ ಹೃದಯದಿಂದಾಗುವ ಸಾವು ಹಿಂದಿನ ದಶಕದವರಿಗಿಂತ ಅರ್ಧಕ್ಕೂ ಕಡಿಮೆಯಾಗಿದೆ. ಬೇಗ ಪತ್ತೆ, ಬೇಗ ಚಿಕಿತ್ಸೆ, ಹೃದಯದ ಮೇಲೂ ಕಣ್ಣು. ಕಾರಣ ಇವೇ ಎಂದು ತೋರುತ್ತದೆ.

ಕೊನೆಯದಾಗಿ ನಿಮ್ಮಲ್ಲಿ ಕೆಲವು ವಿನಂತಿ. ಎರಡು ಕೈಗಳ ಗೆಣ್ಣುಗಳೂ ಊದಿ, ಬೆಳಗಿನ ಬಿಗಿತ ಆರು ವಾರ ದಾಟಿದರೆ ಎಣ್ಣೆ ತಿಕ್ಕುತ್ತಾ ಕೂರಬೇಡಿ, ವೈದ್ಯರಿಗೆ ತೋರಿಸಿ. ಮೆಥೊಟ್ರೆಕ್ಸೇಟ್ ಬರೆದುಕೊಟ್ಟಿದ್ದರೆ ಅದು ವಾರಕ್ಕೆ ಒಂದೇ ದಿನ. ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಹೃದಯದ ಕಾಯಿಲೆ ಮೊದಲೇ ಇದ್ದರೆ ಸಂಧಿವಾತದ ವೈದ್ಯರಿಗೆ ಹೇಳಿ. ಕೆಲವು ಹೊಸ ಔಷಧಿಗಳನ್ನು ಅಂಥವರಿಗೆ ಕೊಡುವುದಿಲ್ಲ. ಮುಂದಿನ ಸಲ ಹೋದಾಗ ಬಿ.ಪಿ., ಸಕ್ಕರೆ, ಕೊಲೆಸ್ಟರಾಲ್ ಮೂರನ್ನೂ ನೋಡಿ ಎಂದು ನೀವೇ ಕೇಳಿ. ಬೀಡಿ ಸಿಗರೇಟು ಬಿಡಿ. ಹಿಂದೆ ನೆನಪಿಡಿ ಎಂದಿದ್ದೆನಲ್ಲ, ಎದೆನೋವೇ ಇಲ್ಲದ ಹೃದಯಾಘಾತ, ಅದನ್ನು ಮನೆಯವರಿಗೂ ತಿಳಿಸಿ. ಸಂಧಿವಾತ ಇರುವ ತಾಯಿಯೋ ಅಕ್ಕನೋ ನಾಲ್ಕು ಹೆಜ್ಜೆಗೆ ಏದುಸಿರು ಬಿಟ್ಟರೆ, ಕಾರಣವಿಲ್ಲದೆ ಬೆವರಿದರೆ, ಎಂದೂ ಇಲ್ಲದ ಸುಸ್ತು ಎಂದರೆ ಅದನ್ನು ಗಂಟಿನ ಲೆಕ್ಕಕ್ಕೆ ಸೇರಿಸಬೇಡಿ. ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಇ.ಸಿ.ಜಿ. ಮಾಡಿಸಿ.